ಹೆಂಡತಿಗೆ ಎದುರಾಡದ ಮಾಪಕ

ಕಡಲ ಅಧ್ಯಯನದ ಆ ಕಚೇರಿಯಲ್ಲಿ ಅವನನ್ನು ಎಲ್ಲರೂ ಜರಡಿ ಎಂದೇ ಕರೆಯುತ್ತಿದ್ದರು. ಅವನಿಗೂ ಬೇಸರವಿರಲಿಲ್ಲ. ನೀರಿನಡಿಯಿಂದ ಬಂದ ಅಂಕಿಗಳಲ್ಲಿ ಕಸ ಯಾವುದು, ಕಾಳು ಯಾವುದು ಎಂದು ಬೇರ್ಪಡಿಸಿ, ಕಾಳನ್ನಷ್ಟೇ ಪಕ್ಕದ ಕೋಣೆಗೆ ಕಳಿಸುವುದು ಅವನ ಕೆಲಸ. ಪಕ್ಕದ ಕೋಣೆಯಲ್ಲಿ ಕೂತು ಆ ಅಂಕಿಗಳನ್ನು ತನ್ನ ಮಾಡೆಲ್‌ಗೆ ಉಣಿಸುತ್ತಿದ್ದವಳು ಅವನ ಹೆಂಡತಿ. ಮಾಡೆಲ್ ಎಂದರೆ ಕಂಪ್ಯೂಟರಿನೊಳಗೆ ಲೆಕ್ಕದಿಂದ ಕಟ್ಟಿದ ಕಡಲು. ಯಾವ ಆಳದಲ್ಲಿ ನೀರು ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹರಿಯುತ್ತದೆಂದು ಅದು ಹೇಳಬೇಕು. ಕಚೇರಿಯವರು ಅವಳನ್ನು ಮಾಡೆಲ್ ಮೇಡಂ ಎನ್ನುತ್ತಿದ್ದರು. ಮನೆಯಲ್ಲಿ ಅವಳಿಗೆ ಬಿರುದು ಬೇಕಿರಲಿಲ್ಲ. ಅಲ್ಲಿ ಅವಳು ಹೇಳಿದ್ದೇ ಆಗುತ್ತಿತ್ತು.

ಅಂಕಿಗಳು ಬರುತ್ತಿದ್ದದ್ದು ಒಂದು ಮಾಪಕದಿಂದ. ಕಡಲ ತಳದಲ್ಲಿ ಭಾರದ ಕಬ್ಬಿಣ, ಅದಕ್ಕೆ ಕಟ್ಟಿದ ಉದ್ದನೆಯ ಹಗ್ಗ, ಹಗ್ಗವನ್ನು ಮೇಲಕ್ಕೆ ಜಗ್ಗಿ ಹಿಡಿಯುವ ತೇಲುಗುಂಡುಗಳು, ನಡುವೆ ಮಾಪಕ. ಅದು ನೀರಿನೊಳಗೆ ಸದ್ದು ಕಳಿಸಿ, ನೀರಿನೊಡನೆ ತೇಲುವ ಕಣಗಳಿಗೆ ಬಡಿದು ಬಂದ ಪ್ರತಿಧ್ವನಿ ಕೇಳಿ, ಪ್ರತಿ ಆಳದ ಹರಿವನ್ನು ಲೆಕ್ಕ ಹಾಕುತ್ತಿತ್ತು. ವರ್ಷಕ್ಕೊಮ್ಮೆ ಹಡಗಿನವರು ಅದನ್ನು ಎತ್ತಿ ತರುವಾಗ ಮೈತುಂಬ ಚಿಪ್ಪು, ಪಾಚಿ. ಜರಡಿ ಷೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕೂತು, ಗೀರು ಬೀಳದಂತೆ ಪ್ಲಾಸ್ಟಿಕ್ ಚಮಚದಿಂದ ಕೆರೆದು, ಮೆತ್ತನೆಯ ಬ್ರಷ್ಷಿನಿಂದ ಉಜ್ಜುತ್ತಿದ್ದ.

“ನನ್ನ ಬೆನ್ನು ಯಾವತ್ತಾದ್ರೂ ಹೀಗೆ ಉಜ್ಜಿದ್ದೀರಾ?” ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದ್ದಳು.

“ನೀನು ಒಂದು ವರ್ಷ ನೀರಲ್ಲಿದ್ದು ಬಾ, ಉಜ್ಜೋಣ.”

ಈ ಸಲ ಉಜ್ಜಿದ್ದೆಲ್ಲ ದಂಡವಾಗುವ ಲಕ್ಷಣವಿತ್ತು. ನಿರ್ದೇಶಕರು ಹಿಂದಿನ ವರ್ಷದ ಕಡಲನ್ನು ಮಾಡೆಲ್‌ನಲ್ಲಿ ಎರಡು ಸಲ ಓಡಿಸಿ ನೋಡಿದ್ದರು, ಮಾಪಕದ ಅಂಕಿ ಕೊಟ್ಟು ಒಮ್ಮೆ, ಕೊಡದೆ ಒಮ್ಮೆ. ಎರಡೂ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದವು.

“ಇದ್ರೂ ಅದೇ ಉತ್ತರ, ಇಲ್ದಿದ್ರೂ ಅದೇ ಉತ್ತರ. ಮುಂದಿನ ವಾರ ಹಡಗು ಹೊರಡುತ್ತೆ, ಇದು ಹೋಗೋದು ಬೇಡ. ಷೆಡ್‌ನಲ್ಲೇ ಇರ್ಲಿ ಬಿಡಿ, ಬಂದವರಿಗೆ ತೋರಿಸೋಕೆ ಚೆನ್ನಾಗಿದೆ” ಎಂದರು ಅವರು.

ಜರಡಿ ಮನೆಗೆ ಬಂದು ತಟ್ಟೆಯ ಮುಂದೆ ಮುಖ ಊದಿಸಿ ಕೂತ.

“ನಿಮ್ಮ ಮಾಪಕ ಹೊಸದೇನೂ ಹೇಳ್ತಿಲ್ಲ ರೀ. ನನ್ನ ಮಾಡೆಲ್ ಹೇಳಿದ್ದನ್ನೇ ತಿರುಗಿಸಿ ಹೇಳುತ್ತೆ, ಗಿಳಿಪಾಠ” ಎಂದಳು ಹೆಂಡತಿ.

“ಸರಿಯಾದ ಮಾಪಕ ಕಣೇ ಅದು. ಅದಕ್ಕೇ ಸರಿಯಾದ ಮಾಡೆಲ್‌ಗೆ ಹೊಂದುತ್ತೆ.”

ಬಡಿಸುತ್ತಿದ್ದ ಅವನ ತಾಯಿ ಮೂಗು ಮುರಿದರು. “ಸಾಕಿದವನ ಗುಣ ಬಂದಿದೆ ಅದಕ್ಕೆ. ನೀನೇನು ಕಮ್ಮಿ ಹೌದಪ್ಪನೇನೋ? ಅವಳಿಗೆ ಎದುರಾಗೋ ಮಾತು ಬಾಯಿಗೆ ಬಂದ್ರೂ ನುಂಗ್ಕೊಂಡು ಕೂರ್ತೀಯ.”

“ಅತ್ತೆ, ಒಂದಾದ್ರೂ ಒಳ್ಳೆ ಗುಣ ಇರ್ಲಿ ಬಿಡಿ ಅವರಿಗೆ” ಎಂದು ಸೊಸೆ ನಕ್ಕಳು.

ಜರಡಿ ನಗಲಿಲ್ಲ. ತುತ್ತು ಬಾಯಿಯ ಹತ್ತಿರವೇ ನಿಂತಿತ್ತು. “ಮಾಪಕ ನುಂಗ್ತಿಲ್ಲ ಕಣೇ,” ಎಂದ. “ನುಂಗ್ತಿರೋದು ನಾನು.”

ವಿಷಯ ಇಷ್ಟೇ. ಮಾಪಕ ಹೊಸದಾಗಿದ್ದಾಗ ಬಾಯಿಗೆ ಬಂದಂತೆ ಅಂಕಿ ಉಗುಳುತ್ತಿತ್ತು. ಆಗ ಜರಡಿ ಒಂದು ನಿಯಮ ಮಾಡಿದ್ದ: ಮಾಡೆಲ್‌ನ ಅಂದಾಜಿಗಿಂತ ತೀರಾ ಬೇರೆಯಾದ ಅಂಕಿ ಬಂದರೆ ಅದು ಕಸ. ಕಸವೇನೋ ಹೋಯಿತು, ಎಲ್ಲರೂ ಬೆನ್ನು ತಟ್ಟಿದರು. ನಿಯಮ ಅಲ್ಲೇ ಉಳಿಯಿತು. ಅಂದಿನಿಂದ ಮಾಡೆಲ್‌ಗೆ ಹೌದು ಹೌದು ಎಂದ ಅಂಕಿಗಳಷ್ಟೇ ಪಕ್ಕದ ಕೋಣೆ ಮುಟ್ಟುತ್ತಿದ್ದವು. ಹೆಂಡತಿಯ ಕಡಲನ್ನು ತಿದ್ದಬಹುದಾಗಿದ್ದ ಅಂಕಿಗಳನ್ನೆಲ್ಲ ಗಂಡ ನಿಷ್ಠೆಯಿಂದ ಬಾಗಿಲಲ್ಲೇ ತಡೆದು ಕಳಿಸುತ್ತಿದ್ದ.

ಮರುದಿನ ಬೆಳಿಗ್ಗೆ ಇಬ್ಬರೂ ಒಂದೇ ಪರದೆಯ ಮುಂದೆ ಕೂತು ಆ ಕಸ ಕೆದಕಿದರು. ಮೇಲಿನ ನೀರು ದಕ್ಷಿಣಕ್ಕೆ ಹರಿಯುವ ತಿಂಗಳುಗಳಲ್ಲಿ ಆಳದ ನೀರು ಉತ್ತರಕ್ಕೆ ಹರಿಯುತ್ತಿತ್ತು. ಮಾಡೆಲ್ ಮಾತ್ರ ಮೇಲಿನಿಂದ ತಳದವರೆಗೆ ಎಲ್ಲವನ್ನೂ ದಕ್ಷಿಣಕ್ಕೇ ಅಟ್ಟಿತ್ತು.

“ನನ್ನ ಕಡಲು ವರ್ಷಗಟ್ಟಲೆ ಉಲ್ಟಾ ಹರೀತಿದೆ, ನೀವು ಒಂದು ಮಾತು ಹೇಳ್ಲಿಲ್ಲ!”

“ನಿನ್ನ ಮೇಲೆ ನಂಬಿಕೆ.”

“ಬೆಂಕಿ ಬಿತ್ತು ನಂಬಿಕೆಗೆ.” ಪರದೆಯ ಅಂಕಿಗಳನ್ನು ಮತ್ತೊಮ್ಮೆ ಮೇಲಿನಿಂದ ಓದಿ ಅವಳೇ ಹೇಳಿದಳು: “ನನಗೂ ಅನುಮಾನ ಬರ್ಬೇಕಿತ್ತು. ಪ್ರತಿ ಸಲ ನಾನೇ ಸರಿ ಅನ್ನೋದು ಮನೇಲಿ ನಡೆಯುತ್ತೆ, ಕಡಲಲ್ಲಿ ಹೇಗೆ ನಡೆಯುತ್ತೆ?”

ಹಾಗೆಂದು ಎಸೆದದ್ದೆಲ್ಲ ಚಿನ್ನವಲ್ಲ. ಮೀನಿನ ಹಿಂಡು ಅಡ್ಡ ಬಂದು ಕೆಟ್ಟ ಅಂಕಿಗಳಿದ್ದವು, ಹಗ್ಗ ವಾಲಿ ಮಾಪಕ ಬೇರೆ ಆಳಕ್ಕೆ ಜಾರಿದಾಗಿನವೂ ಇದ್ದವು. ಜರಡಿ ಹೊಸ ಜರಡಿ ಹೆಣೆದ. ಮಾಪಕ ನೆಟ್ಟಗಿತ್ತೇ? ಪ್ರತಿಧ್ವನಿ ಗಟ್ಟಿಯಾಗಿತ್ತೇ? ಅಕ್ಕಪಕ್ಕದ ಆಳಗಳೂ ಅದೇ ಕಥೆ ಹೇಳುತ್ತವೆಯೇ? ಮಾಡೆಲ್ ಒಪ್ಪುತ್ತದೆಯೇ ಎಂಬ ಪ್ರಶ್ನೆಯನ್ನು ಕಿತ್ತು ಹಾಕಿದ. ಉಳಿದ ಕಾಳನ್ನು ಅವಳು ಮಾಡೆಲ್‌ಗೆ ಉಣಿಸಿ, ಹಿಂದಿನ ವರ್ಷವನ್ನು ಮತ್ತೆ ಓಡಿಸಿದಳು.

ಇದನ್ನು ನಂಬಲು ನಿರ್ದೇಶಕರಿಗೆ ಹೊರಗಿನದೊಂದು ಸಾಕ್ಷಿ ಬೇಕಿತ್ತು. ಸಾಕ್ಷಿ ಸಿಕ್ಕಿತು: ಆ ವರ್ಷ ಕಡಲಿಗೆ ಬಿಟ್ಟಿದ್ದ ಒಂದು ತೇಲುಯಂತ್ರ. ಅದು ಆಳಕ್ಕಿಳಿದು, ಅಲ್ಲಿಯ ನೀರಿನೊಡನೆ ಅಲೆದು, ಮೇಲೆದ್ದು ತಾನೆಲ್ಲಿದ್ದೇನೆಂದು ತಿಳಿಸುವಂಥದ್ದು. ಅದರ ಜಾಗವನ್ನು ಮಾಡೆಲ್‌ಗೆ ಯಾರೂ ತೋರಿಸಿರಲಿಲ್ಲ. ಹಳೆಯ ಮಾಡೆಲ್ ಅದನ್ನು ದಕ್ಷಿಣದಲ್ಲಿ ಎಬ್ಬಿಸಿತು, ಹೊಸದು ಉತ್ತರದಲ್ಲಿ. ನಿಜಕ್ಕೂ ಅದು ಎದ್ದದ್ದು ಉತ್ತರದಲ್ಲಿ, ಇನ್ನೂ ಸಾಕಷ್ಟು ಮುಂದೆ.

“ಪೂರ್ತಿ ಸರಿ ಬಂದಿಲ್ಲವಲ್ಲ” ಎಂದರು ನಿರ್ದೇಶಕರು.

“ಇಲ್ಲ ಸರ್. ಆದ್ರೆ ಮೊದಲು ಬೆನ್ನು ಹಾಕಿ ಹುಡುಕ್ತಿದ್ವಿ, ಈಗ ಮುಖ ಮಾಡಿ ಹುಡುಕ್ತಿದ್ದೀವಿ” ಎಂದಳು ಮಾಡೆಲ್ ಮೇಡಂ.

ಅವರು ಗಲ್ಲ ಕೆರೆದುಕೊಂಡರು. “ಹಾಗಾದ್ರೆ ಇಳಿಸಿ. ಷೆಡ್‌ನಲ್ಲಿ ತೋರಿಸೋಕೆ ಬೇರೆ ಏನಾದ್ರೂ ನೋಡ್ಕೊಳ್ಳೋಣ.”

ಹಡಗು ಹೊರಡುವ ದಿನ ಗಂಡಹೆಂಡಿರಿಬ್ಬರೂ ಕಟ್ಟೆಗೆ ಬಂದರು. ಜರಡಿ ಮಾಪಕವನ್ನು ಮರದ ಚೌಕಟ್ಟಿಗೆ ಕಟ್ಟುತ್ತಿದ್ದ.

“ಇನ್ನೊಂದು ಸುತ್ತು ಬಿಗೀರಿ.”

“ಬೇಡ,” ಎಂದ ಜರಡಿ, ಎದೆ ಮುಂದೆ ಮಾಡಿ. “ಇಷ್ಟೇ ಸಾಕು.”

ಅವಳು ಒಂದು ಬೆರಳಿನಿಂದ ಗಂಟು ಎಳೆದಳು. ಗಂಟು ಸಲೀಸಾಗಿ ಬಿಚ್ಚಿಕೊಂಡಿತು.

“ಎದುರಾಡಿದ್ದೆಲ್ಲ ಸರಿ ಅಂತಲ್ಲ ರೀ.”

“ಗೊತ್ತು ಕಣೇ. ಅದಕ್ಕೇ ಜರಡಿ ಬೇಕಾಗೋದು” ಎಂದು ಅವನು ಹಗ್ಗದ ತುದಿಯನ್ನು ಅವಳ ಕೈಗೇ ಕೊಟ್ಟ.