ದೀಪ ದೊಡ್ಡದು ಮಾಡಿದ ಸಂಜೆ

ಆ ರಾಗ ಹೇಗೆ ಮುಗಿಯುತ್ತದೆಂದು ನನಗೆ ಇನ್ನೂ ಗೊತ್ತಿಲ್ಲ. ಗುಬ್ಬಿಯ ಕಾಲೇಜಿನಲ್ಲಿ ಪಾಠ ಮುಗಿಸಿ ತುಮಕೂರಿನ ಬಸ್ಸು ಹತ್ತಿ ಕಿಟಕಿಗೆ ತಲೆ ಆನಿಸಿದರೆ ಸಾಕು, ಶುರುವಾಗುತ್ತದೆ. ನಾಲ್ಕು ಸ್ವರ ಮೇಲಕ್ಕೆ ಹತ್ತಿ ಐದನೆಯದರಲ್ಲಿ ನಿಂತುಬಿಡುತ್ತದೆ. ಅದರ ಹಿಂದೆಯೇ ಬಟ್ಟೆ ಸುಟ್ಟ ವಾಸನೆ. ಬಸ್ಸಿನಲ್ಲಿ ಏನೂ ಸುಟ್ಟಿರುವುದಿಲ್ಲ. ಆದರೂ ಎದ್ದು ನಿಂತು ಬಾಗಿಲು ಎಲ್ಲಿದೆಯೆಂದು ನೋಡುತ್ತೇನೆ.

"ನಿಮ್ ಸ್ಟಾಪ್ ಇನ್ನೂ ದೂರ ಐತೆ, ಕೂತ್ಕಳಿ ಮೇಡಂ," ಎನ್ನುತ್ತಾನೆ ಕಂಡಕ್ಟರ್.

ನಾರ್ವೆಯ ಪಿಯಾನೊ ವಾದಕರೊಬ್ಬರು ಬೆಂಗಳೂರಿಗೆ ಬಂದಿದ್ದರು. ಸಂಗೀತದ ಹುಚ್ಚಿದ್ದ ನಾವು ಕೆಲವು ಅಧ್ಯಾಪಕರು ಸೇರಿ ಅವರನ್ನು ಒಂದು ಸಂಜೆಯ ಮಟ್ಟಿಗೆ ತುಮಕೂರಿಗೆ ಕರೆಸಿದೆವು. ಪಿಯಾನೊವೂ ಬೆಂಗಳೂರಿನಿಂದಲೇ ಲಾರಿಯಲ್ಲಿ ಬಂತು. ಆಗ ದೊಡ್ಡಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ನನ್ನ ಮನೆಯಲ್ಲಿದ್ದಳು. ಹುಲಿಯೂರುದುರ್ಗದ ಹತ್ತಿರದ ಹಳ್ಳಿಯಲ್ಲಿ ಹೈಸ್ಕೂಲು ಮುಗಿಯುವವರೆಗೆ ನನ್ನನ್ನು ಸಾಕಿದವಳು ಅವಳೇ. ಒಬ್ಬಳನ್ನೇ ಮನೆಯಲ್ಲಿ ಬಿಡಲಾಗದೆ ಕರೆದುಕೊಂಡು ಹೊರಟೆ.

"ಅದೇನದು?"

"ಜಾಝ್ ಅಂತ ದೊಡ್ಡಮ್ಮ. ಅವರ ಕಡೆಯ ಶಾಸ್ತ್ರೀಯ ಸಂಗೀತಾನೂ ಅದ್ರಲ್ಲಿ ಸೇರಿಸಿ ನುಡಿಸ್ತಾರೆ."

"ಜಾಜಿ ಹೂವಾ?"

"ಹೂವಲ್ಲ, ಸಂಗೀತ."

"ಘಮ್ಮಂತಿದ್ರೆ ಆಯ್ತು ಬುಡು," ಎಂದು ಕಪ್ಪು ಕನ್ನಡಕ ಸರಿಮಾಡಿಕೊಂಡಳು.

ಸಭಾಂಗಣದಲ್ಲಿ ಅತಿಥಿಗಳು ದೀಪ ಬೆಳಗಿದರು. ಭಾಷಣವೂ ಆಯಿತು. ಆಮೇಲೆ ವಾದಕರು ನನ್ನನ್ನು ಕರೆದು, ವೇದಿಕೆ ಪೂರ್ತಿ ಕತ್ತಲಾಗಿರಲಿ, ಪಿಯಾನೊ ಮೇಲಿನ ಪುಟ್ಟ ಬಲ್ಬೊಂದು ಸಾಕು ಎಂದರು. ಪಕ್ಕದಲ್ಲಿದ್ದ ಇಂಗ್ಲಿಷ್ ಅಧ್ಯಾಪಕಿಗೆ, "ದೀಪ ಆ ಕಡೆ ಇಟ್ಟು ದೊಡ್ಡದು ಮಾಡಿಬಿಡಿ ಮೇಡಂ," ಎಂದು ಹೇಳಿ ನಾನು ಬಂದು ಮುಂದಿನ ಸಾಲಿನಲ್ಲಿ ದೊಡ್ಡಮ್ಮನ ಪಕ್ಕ ಕುಳಿತೆ.

ಮೊದಲು ಚರ್ಚಿನಲ್ಲಿ ಕೇಳುವಂಥ ಗಂಭೀರವಾದ ನಡೆ. ಎಡಗೈ ಅದನ್ನೇ ಹಿಡಿದುಕೊಂಡು ಕುಳಿತಂತೆ ಬಲಗೈ ಮೆಲ್ಲಗೆ ದಾರಿ ಬಿಟ್ಟು ಎಲ್ಲೆಲ್ಲೋ ಅಲೆಯತೊಡಗಿತು. ಆಲಾಪನೆಯಲ್ಲಿ ಆಗುವ ಹಾಗೆ, ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲ, ಆದರೆ ತಪ್ಪಿಸಿಕೊಂಡಿಲ್ಲ ಎಂಬುದು ಗೊತ್ತು. ಒಂದೊಂದು ಸ್ವರ ಬಿಟ್ಟು ಅದು ಪೂರ್ತಿ ಕರಗುವವರೆಗೆ ಅವರು ಕಾಯುತ್ತಿದ್ದರು.

"ಇದೇನೇ, ನಮ್ಮೂರ ನಲ್ಲೀಲಿ ನೀರು ಬಂದಂಗೆ ಬುಟ್ಟು ಬುಟ್ಟು ನುಡಿಸ್ತಾವ್ನೆ?"

ಹಿಂದಿನವರು ನಕ್ಕರು. ನನಗೆ ನಾಚಿಕೆಯಾಯಿತು.

ಕೊನೆಯ ರಚನೆಗೆ ಮುಂಚೆ ಅವರು ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ದೊಡ್ಡಮ್ಮನ ಕಿವಿಯಲ್ಲಿ ಕನ್ನಡ ಮಾಡಿದೆ: ಅವರ ಊರಲ್ಲಿ ಸಂಜೆ ಹೆಂಗಸರು ಬೆಟ್ಟದ ಮೇಲಿನ ಹಸುಗಳನ್ನು ಕೂಗಿ ಕರೆಯುತ್ತಾರಂತೆ. ಇದು ಆ ಕೂಗು. ಮೂರು ಸಲ ಕರೆಯುತ್ತಾರೆ, ಆಮೇಲೆ ಹಸುಗಳು ಬರುತ್ತವೆ.

ದೊಡ್ಡಮ್ಮ ನೆಟ್ಟಗೆ ಕುಳಿತಳು. ಅವಳ ಕೊಟ್ಟಿಗೆ ಬರಿದಾಗಿ ಆಗಲೇ ಎರಡು ವರ್ಷವಾಗಿತ್ತು.

ನಾಲ್ಕು ಸ್ವರ ಮೇಲಕ್ಕೆ, ಐದನೆಯದು ಉದ್ದಕ್ಕೆ. ಮೌನ. ಎರಡನೆಯ ಕರೆ. ಮೌನ. ದೊಡ್ಡಮ್ಮ ನನ್ನ ಕೈ ಒತ್ತಿದಳು.

"ಏನೋ ಸೀಯ್ತಾ ಐತೆ ಕಣೇ."

"ಸುಮ್ನಿರು ದೊಡ್ಡಮ್ಮ."

"ಚಟಚಟ ಅಂತೈತೆ. ಕೇಳು."

"ಅದೂ ಸಂಗೀತಾನೇ. ಸುಮ್ನಿರೂಂದ್ರೆ."

ನಾನು ಆಡಿದ ಆ ಮಾತಿಗೇ ಮತ್ತೆ ಮತ್ತೆ ಹಿಂದಿರುಗುತ್ತೇನೆ. ಅವಳಿಗೆ ಕೇಳಿಸಿದ್ದು ನನಗೂ ಕೇಳಿಸಿತ್ತು. ಪಿಯಾನೊದ ತಂತಿಗಳನ್ನು ಬೆರಳಿನಿಂದ ಮುಟ್ಟುತ್ತಿರಬೇಕು ಎಂದುಕೊಂಡು ಮೆಚ್ಚಿಕೊಂಡು ಕುಳಿತಿದ್ದೆ.

ಮೂರನೆಯ ಕರೆ ಬಂತು. ಅದರ ಮೌನದಲ್ಲಿ ಎಡಬದಿಯ ಪರದೆ ಕೆಳಗಿನಿಂದ ಕೆಂಪಾಗಿ ಒಮ್ಮೆಲೇ ಮೇಲಕ್ಕೆದ್ದಿತು. ಯಾರೋ "ಬೆಂಕಿ" ಎಂದು ಚೀರಿದರು. ನಾನು ದೊಡ್ಡಮ್ಮನ ಕೈ ಹಿಡಿದು ಓಡಿದೆ. ಬಾಗಿಲಲ್ಲಿ ಜನ ಒಬ್ಬರ ಮೇಲೊಬ್ಬರು. ಚಪ್ಪಲಿ ಹೋಯಿತು, ಮೊಣಕೈ ತರಚಿತು. ಹೊರಗೆ ಬಂದು ನೋಡುತ್ತೇನೆ, ನನ್ನ ಕೈಯಲ್ಲಿದ್ದುದು ಅವಳ ಚೀಲ. ಕಣ್ಣಿನ ಔಷಧಿ ಇಟ್ಟಿದ್ದ ಚೀಲ.

ತಿರುಗಿ ಹೋಗಲು ಜನ ಬಿಡಲಿಲ್ಲ. ಹೋಗಲು ನಾನು ಎಷ್ಟು ಪ್ರಯತ್ನಿಸಿದೆ ಎಂಬುದೂ ಈಗ ನನಗೆ ಖಾತ್ರಿಯಿಲ್ಲ.

ಆಗ ಒಳಗಿನಿಂದ ಒಂದು ಕೂಗು ಕೇಳಿಸಿತು. "ಬಾ... ಹೋಯ್... ಬ್ಬಾ..." ಹೊಲದ ಆಚೆ ಬದಿಗೆ ಕೇಳುವಂಥ ಕೂಗು. ದೊಡ್ಡಮ್ಮ ಹಸುಗಳನ್ನು ಕರೆಯುತ್ತಿದ್ದುದು, ಚಿಕ್ಕಂದಿನಲ್ಲಿ ದಿನಾ ಸಂಜೆ ಕೇಳಿದ್ದು. ಎರಡು ಸಲ. ಮೂರು ಸಲ.

ಸ್ವಲ್ಪ ಹೊತ್ತಿಗೆ ಪಕ್ಕದ ಬಾಗಿಲಿನಿಂದ ಇಬ್ಬರೂ ಬಂದರು. ವಾದಕರು ಮುಂದೆ, ಅವರ ಕೋಟಿನ ತೋಳು ಹಿಡಿದುಕೊಂಡು ದೊಡ್ಡಮ್ಮ ಹಿಂದೆ. ಕನ್ನಡಕ ಇರಲಿಲ್ಲ. ಸೆರಗು ಮೂಗಿಗಿತ್ತು.

"ಕಣ್ ಮುಚ್ಕೊಂಡು ಕುಂತಿದ್ದ ಕಣೇ, ಹೊಗೇಲಿ! ಅವ್ನಿಗೆ ನನ್ ಮಾತು ತಿಳಿಯಲ್ವಲ್ಲ, ಅವ್ನ್ ಹಾಡಲ್ಲೇ ಕರ್ದೆ," ಎಂದಳು.

ಕಾವಲುಗಾರರು ನೀರು ಸುರಿದು ಬೆಂಕಿ ಆರಿಸಿದರು. ಪಿಯಾನೊ ತೊಯ್ದು ಹೋಯಿತು. ಯಾರಿಗೂ ಹೆಚ್ಚಿನ ಗಾಯವಾಗಲಿಲ್ಲ. ಮರುದಿನ ಬೆಳಿಗ್ಗೆ ವಾದಕರು ಹೊರಟುಹೋದರು. ಹಸುಗಳು ಬರುವ ಭಾಗ ಅವರ ಬೆರಳುಗಳಲ್ಲೇ ಉಳಿಯಿತು.

ಇಂಗ್ಲಿಷ್ ಮೇಡಂ ಅಳುತ್ತಾ ಹೇಳಿದರು: "ನೀವೇ ಅಂದ್ರಲ್ಲ, ದೊಡ್ಡದು ಮಾಡಿ ಅಂತ. ಪರದೆ ಹಿಂದೆ ಇಟ್ಟು, ಬತ್ತಿ ಮೇಲೆ ಎಳ್ದು ಇನ್ನಷ್ಟು ಎಣ್ಣೆ ಹಾಕ್ದೆ."

ಅವರು ಬೇರೆ ರಾಜ್ಯದಲ್ಲಿ ಬೆಳೆದವರು. ನಮ್ಮ ಮನೆಗಳಲ್ಲಿ ದೀಪ ಆರಿಸು ಎನ್ನುವುದು ಅಶುಭ, ಆರಿಸಬೇಕಾದರೆ ದೊಡ್ಡದು ಮಾಡು ಎನ್ನುತ್ತೇವೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು? ಇಷ್ಟು ಓದಿದ ನನಗೆ ಅಂದು ಬಾಯಿಗೆ ಬಂದದ್ದು ದೊಡ್ಡಮ್ಮ ಕಲಿಸಿದ ಮಾತೇ.

ಇದನ್ನು ದೊಡ್ಡಮ್ಮನಿಗೆ ಹೇಳಿರಲಿಲ್ಲ. ಅವಳು ಊರಿಗೆ ಹೋದ ಮೇಲೆ ಫೋನಿನಲ್ಲಿ ಕೇಳುತ್ತಿದ್ದುದು ಒಂದೇ: "ಆವತ್ತು ಆ ಹಸ ಬಂದ್ವಂತಾ?"

ಒಂದು ಭಾನುವಾರ ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿ ಅವಳಲ್ಲಿಗೆ ಹೋದೆ. ಸಂಜೆ ದೇವರಿಗೆ ದೀಪ ಹಚ್ಚಿದ್ದಳು. ಊಟಕ್ಕೆ ಏಳುವಾಗ, "ದೀಪ ದೊಡ್ಡದು ಮಾಡಿ ಬಾರೇ," ಎಂದಳು. ನನ್ನ ಕೈ ಏಳಲಿಲ್ಲ. ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ದೀಪದ ಮಾತು, ಅವಳನ್ನು ಸುಮ್ಮನಿರಿಸಿದ್ದು, ಕೈ ಬಿಟ್ಟಿದ್ದು.

ಅವಳು ನನ್ನ ಕಡೆ ತಿರುಗಿದಳು.

"ನೀನೆಲ್ಲಿ ಬುಟ್ಟೆ? ನಾನೇ ಬುಡುಸ್ಕೊಂಡು ನಿನ್ ಕೈಗೆ ಚೀಲ ಕೊಟ್ಟೆ."

ನಿಜವೋ, ನನಗಾಗಿ ಹೇಳಿದ್ದೋ. ಕೇಳಲು ಧೈರ್ಯ ಬರಲಿಲ್ಲ. ಅವಳು ಅಡುಗೆ ಮನೆಗೆ ಹೋದಳು. ನಾನು ದೇವರ ಮೇಲಿನ ಹೂವೊಂದನ್ನು ತೆಗೆದು ಬತ್ತಿಗೆ ಒತ್ತಿದೆ. ಹೊಗೆಯ ಎಳೆ ಪೂರ್ತಿ ನಿಲ್ಲುವವರೆಗೆ ನೋಡುತ್ತಾ ನಿಂತೆ. ಮುದ್ದೆ ಆರುತ್ತದೆಂದು ಅವಳು ಒಂದು ಸಲ ಕರೆದಳು. ಎರಡು ಸಲ ಕರೆದಳು.

"ಬಾ... ಹೋಯ್... ಬ್ಬಾ..."

ಮೂರನೆಯದು ಹಾಗಿತ್ತು. ನಾನು ಹೋದೆ.