ಹೌದಪ್ಪ ತೋರಿಸಿದ ಡೆಮೊ

ಅವನಿಗೆ ಹೌದಪ್ಪ ಎಂದು ಹೆಸರಿಟ್ಟವರು ಔಷಧಿ ಕಂಪನಿಯಲ್ಲಿ ಅವನ ಜೊತೆ ಬ್ಯಾಗು ಹೊತ್ತು ತಿರುಗಿದ ಗೆಳೆಯರು. ಡಾಕ್ಟರು ಹಗಲನ್ನು ರಾತ್ರಿ ಎಂದರೆ ಇವನು ನಕ್ಷತ್ರ ತೋರಿಸುತ್ತಿದ್ದ. ಯಾವ ಡಾಕ್ಟರಿಗೆ ಮಗಳ ಓದಿನ ಬಗ್ಗೆ ಕೇಳಿದರೆ ಖುಷಿ, ಯಾರಿಗೆ ಅದನ್ನೇ ಕೇಳಿದರೆ ಕೋಪ, ಯಾರ ಮುಂದೆ ಕೂರಬಹುದು, ಯಾರ ಮುಂದೆ ನಿಂತೇ ಇರಬೇಕು, ಎಲ್ಲ ಅವನಿಗೆ ನಾಲಿಗೆಯ ತುದಿಯಲ್ಲಿತ್ತು. ಇಷ್ಟು ಬೆಣ್ಣೆ ಹಚ್ಚಿಯೂ ಐವತ್ತು ದಾಟುತ್ತಿದ್ದಂತೆ ಕಂಪನಿ ಅವನನ್ನು ಮನೆಗೆ ಕಳಿಸಿತು. ಬೆಣ್ಣೆ ಹಚ್ಚಿಸಿಕೊಂಡವರಲ್ಲಿ ಒಬ್ಬರೂ ಅಯ್ಯೋ ಅನ್ನಲಿಲ್ಲ. ಅನ್ನುತ್ತಾರೆ ಎಂದು ಅವನು ಕಾದಿದ್ದನಲ್ಲ, ಆ ಪೆದ್ದುತನಕ್ಕೆ ಏನು ಹೇಳುವುದು!

ಈಗ ಅವನು ಮಾರುತ್ತಿದ್ದುದು ಸಾಫ್ಟ್‌ವೇರ್. ರೋಗಿಗಳ ಕೇಸ್ ಪೇಪರುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಹೆಸರು ಒತ್ತಿದರೆ ಹಳೆಯ ಜ್ವರ, ಹಳೆಯ ಮಾತ್ರೆ ಎಲ್ಲ ಕಣ್ಣ ಮುಂದೆ ಬರುವಂತೆ ಮಾಡುವ ಸಾಫ್ಟ್‌ವೇರ್. ಅದರ ಒಳಗಿನ ಮರ್ಮ ಅವನಿಗೆ ಅಷ್ಟಕ್ಕಷ್ಟೇ. ಆದರೆ ಕೊಳ್ಳುವವರು ಡಾಕ್ಟರುಗಳು, ಡಾಕ್ಟರುಗಳು ತನಗೆ ಗೊತ್ತು ಎಂಬ ಧೈರ್ಯವಿತ್ತು. ಆ ಧೈರ್ಯಕ್ಕೆ ಇನ್ನೂ ಒಂದು ಕ್ಲಿನಿಕ್ಕೂ ಸಿಕ್ಕಿರಲಿಲ್ಲ. ಮ್ಯಾನೇಜರು ಅವನ ಮಗನ ವಯಸ್ಸಿನವನು, ಬಹಳ ಮರ್ಯಾದಸ್ಥ. "ಅಂಕಲ್, ಈ ಕ್ಲಿನಿಕ್ ಆರ್ಡರ್ ಕೊಟ್ರೆ ಸೋಮವಾರ ಆಫೀಸಿಗೆ ಬನ್ನಿ. ಕೊಡ್ದಿದ್ರೆ ಅಷ್ಟು ದೂರ ಬರೋ ತೊಂದ್ರೆ ತಗೋಬೇಡಿ" ಎಂದಿದ್ದ.

ಕೆಲಸ ಹೋದರೆ ಮುಂದೇನು ಎಂಬುದೂ ಗೊತ್ತಿತ್ತು. ಅವನೂ ಹೆಂಡತಿಯೂ ಇದ್ದುದು ಹೆಂಡತಿಯ ಅಣ್ಣನ ಮನೆಯ ಮಹಡಿಯಲ್ಲಿ. ಭಾವನಿಗೆ ಕಬ್ಬಿಣದ ಸಾಮಾನಿನ ಅಂಗಡಿ. ಬಂದು ಮೊಳೆ ತೂಗುತ್ತಾ ಕೂತುಕೋ ಎಂದು ಊಟಕ್ಕೆ ಕೂತಾಗಲೆಲ್ಲ ಭಾವ ಹೇಳುತ್ತಿದ್ದ, ಅದೂ ಅವನ ತಟ್ಟೆಯನ್ನು ನೋಡುತ್ತಾ. ಹೌದಪ್ಪ ಅಲ್ಲಿ "ಹೌದು ಭಾವ" ಎಂದು ತಲೆಯಾಡಿಸಿ, ಸೇಡನ್ನು ಬೇರೆ ಕಡೆ ತೀರಿಸಿಕೊಳ್ಳುತ್ತಿದ್ದ. ಡೆಮೊ ತೋರಿಸಲು ಒಬ್ಬ ನಕಲಿ ರೋಗಿ ಬೇಕು. ಅವನು ಭಾವನನ್ನೇ ರೋಗಿ ಮಾಡಿಕೊಂಡಿದ್ದ. ಮೂಲವ್ಯಾಧಿ, ಕಜ್ಜಿ, ಬಾಯಿ ವಾಸನೆ, ಒಂದನ್ನೂ ಬಿಟ್ಟಿರಲಿಲ್ಲ. ಡಾಕ್ಟರುಗಳು ನಕ್ಕಾಗ ಅವನ ಹೊಟ್ಟೆ ತಣ್ಣಗಾಗುತ್ತಿತ್ತು.

ಆ ಕ್ಲಿನಿಕ್ಕಿಗೆ ಅವನು ಹೋದದ್ದು ಬೆಳಗಿನ ರೋಗಿಗಳೆಲ್ಲ ಮುಗಿದ ಮೇಲೆ. ಹೊರಗೆ ಒಂದಕ್ಕೊಂದು ಬೆಸೆದ ಉಕ್ಕಿನ ಕುರ್ಚಿಗಳು ಖಾಲಿಯಿದ್ದವು. ರಿಸೆಪ್ಷನಿಸ್ಟ್ ಬೆನ್ನ ಹಿಂದೆ ಸೂರಿನವರೆಗೆ ಕೇಸ್ ಪೇಪರಿನ ಕಟ್ಟುಗಳು, ಕೆಳಗಿನವು ತೇವ ಹಿಡಿದು ಉಬ್ಬಿದ್ದವು. ಕ್ಲಿನಿಕ್ಕಿನ ಯಜಮಾನರು ದೊಡ್ಡ ಡಾಕ್ಟರು. ಅವರ ಸೊಸೆಯೂ ಅಲ್ಲೇ ಡಾಕ್ಟರು. ಬೇಕಾದ ಪೇಪರು ಸಿಕ್ಕದೆ ರೋಗಿಗಳ ಮುಂದೆ ಬೆಪ್ಪಾಗಿ ಕೂತು ಸಾಕಾಗಿ, ಸಾಫ್ಟ್‌ವೇರ್ ಬೇಕೇ ಬೇಕೆಂದು ವರ್ಷದಿಂದ ಹಟ ಹಿಡಿದವಳು ಸೊಸೆ. ಮಾವ ಒಲ್ಲೆ ಎನ್ನಲಿಲ್ಲ. ಅವರಿಗೆ ಅದೊಂದು ಮನರಂಜನೆಯಾಗಿತ್ತು. ಒಂದು ಕಂಪನಿಯದು ನಿಧಾನ ಎಂದರು, ಇನ್ನೊಂದರಲ್ಲಿ ಅಕ್ಷರ ಸಣ್ಣದು ಎಂದರು, ಮೂರನೆಯದು ಚೆನ್ನಾಗಿತ್ತು, ಅದನ್ನು ತಂದವನು ಸೆಂಟು ಹಚ್ಚಿಕೊಂಡು ಬಂದಿದ್ದ.

"ನಿಮ್ಮ ಹಾಗೇ ಮಾರೋಕೆ ಕೊನೆಗೆ ಒಬ್ರು ಬಂದಿದ್ರಲ್ಲ, ಅವರು ಅತ್ತುಬಿಟ್ರು" ಎಂದು ರಿಸೆಪ್ಷನಿಸ್ಟ್ ಹೌದಪ್ಪನಿಗೆ ನೀರು ಕೊಡುತ್ತಾ ಹೇಳಿದಳು. ಅವಳ ಮುಖದಲ್ಲಿ ಅಯ್ಯೋ ಪಾಪ ಎನ್ನುವ ಕುರುಹೇ ಇರಲಿಲ್ಲ. ಒಳ್ಳೆಯ ಸಿನಿಮಾ ನೋಡಿದವರ ಹಾಗೆ ಹೇಳಿದಳು.

ಒಳಗೆ ದೊಡ್ಡ ಡಾಕ್ಟರು, ಸೊಸೆ, ನರ್ಸಮ್ಮ, ರಿಸೆಪ್ಷನಿಸ್ಟ್ ಎಲ್ಲರೂ ಸೇರಿದರು. ಹೌದಪ್ಪ ಲ್ಯಾಪ್‌ಟಾಪ್ ತೆರೆದು ಭಾವನನ್ನು ಹೊರಗೆಳೆದ.

"ಯಾರಿವರು?" ಎಂದರು ದೊಡ್ಡ ಡಾಕ್ಟರು.

"ನಮ್ಮ ಭಾವ ಸಾರ್. ಊರಲ್ಲಿರೋ ಕಾಯಿಲೆನೆಲ್ಲಾ ಗುತ್ತಿಗೆ ತಗೊಂಡಿದಾರೆ."

ರಿಸೆಪ್ಷನಿಸ್ಟ್ ನಗಲೋ ಬೇಡವೋ ಎಂದು ಯಜಮಾನರ ಮುಖ ನೋಡಿದಳು. ಅಲ್ಲಿ ನಗುವಿರಲಿಲ್ಲ, ಅವಳೂ ಬಾಯಿ ಮುಚ್ಚಿಕೊಂಡಳು.

"ನಿಮ್ಮ ಭಾವ ಇಲ್ಲಿದಾರಾ?"

"ಅಂಗಡೀಲಿದಾರೆ ಸಾರ್."

"ನನಗೆ ಇಲ್ಲಿರೋ ರೋಗಿ ಬೇಕು. ನೀವೇ ಮೇಲೆ ಹತ್ತಿ ಕೂತ್ಕೊಳ್ಳಿ."

"ನಾನಾ ಸಾರ್?"

"ಯಾಕೆ, ಸಾಫ್ಟ್‌ವೇರ್ ಮಾರೋರಿಗೆ ಕಾಯಿಲೆ ಬರಲ್ವಾ?"

ಈಗ ರಿಸೆಪ್ಷನಿಸ್ಟ್ ಧಾರಾಳವಾಗಿ ನಕ್ಕಳು. ಹೌದಪ್ಪ ಪರೀಕ್ಷೆಯ ಮಂಚ ಹತ್ತಿ, ಕಾಲು ಇಳಿಬಿಟ್ಟು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ರೋಗಿಯ ಜಾಗದಲ್ಲಿ ತನ್ನ ಹೆಸರು ಹಾಕಿದ. ಡಾಕ್ಟರು ಕೇಳುವುದು, ಇವನು ಉತ್ತರ ಹೇಳುವುದು, ಹೇಳಿದ್ದನ್ನು ಇವನೇ ಟೈಪ್ ಮಾಡುವುದು. ಎಷ್ಟು ಬೇಗ ಆಗುತ್ತದೆ ಎಂದು ತೋರಿಸಬೇಕಲ್ಲ!

"ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳ್ತೀರಾ?"

"ಮೂರು ಸಲ ಸಾರ್."

"ಕೇಳಿಸಲಿಲ್ಲ."

"ಮೂರು ಸಲ ಸಾರ್!"

"ಹೆಂಡತಿ ಜೊತೆ ಎಲ್ಲಾ ಸರಿಯಾಗಿದೆಯಾ? ಅದಕ್ಕೂ ಜಾಗ ಇದೆಯಾ ಇದರಲ್ಲಿ?"

"ಇದೆ ಸಾರ್. ಇಲ್ಲಿ ಒತ್ತಿದ್ರೆ ಬರುತ್ತೆ."

"ಹಾಗಾದ್ರೆ ಒತ್ತಿ, ತುಂಬಿ."

ಅವನು ಒತ್ತಿದ, ತುಂಬಿದ. ಕಿವಿ ಕೆಂಪಾಗಿತ್ತು, ಹಲ್ಲು ಮಾತ್ರ ಕಾಣುತ್ತಲೇ ಇದ್ದವು. ನರ್ಸಮ್ಮ ಗೋಡೆಯ ಕಡೆ ತಿರುಗಿದಳು. ತೂಕ ಎಷ್ಟು ಎಂದಾಗ ಅವನು ಹಳೆಯದನ್ನೇ ಹೇಳಿದ. ಯಂತ್ರ ಹತ್ತಿದಾಗ ಮುಳ್ಳು ಅದಕ್ಕಿಂತ ಬಹಳ ಹಿಂದೆ ನಿಂತಿತು. "ಡಯಟ್ ಮಾಡ್ತಿದ್ದೀರಾ?" ಎಂದರು ಡಾಕ್ಟರು. ಮಾಡುತ್ತಿರಲಿಲ್ಲ. ಕೆಲವು ತಿಂಗಳಿಂದ ತಾನೇ ತಾನಾಗಿ ಪ್ಯಾಂಟು ಸಡಿಲವಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ. ಆದರೆ ಡಾಕ್ಟರ ಮಾತಿಗೆ ಇಲ್ಲ ಎಂದು ಅಭ್ಯಾಸವೇ ಇಲ್ಲವಲ್ಲ! "ಹೌದು ಸಾರ್" ಎಂದ.

"ಶರ್ಟು ತೆಗೀರಿ."

ತೆಗೆದ. ಕಂಕುಳಲ್ಲಿ ಹರಿದ ಬನಿಯನ್ ಎಲ್ಲರಿಗೂ ಕಂಡಿತು. ದೊಡ್ಡ ಡಾಕ್ಟರು ತಣ್ಣನೆಯ ಬೆರಳುಗಳಿಂದ ಗಂಟಲು ಮುಟ್ಟಿದರು, ದವಡೆಯ ಕೆಳಗೆ ಒತ್ತಿದರು, ಹಾಗೇ ಇಳಿದು ಎಡಗಡೆಯ ಕತ್ತಿನ ಬುಡಕ್ಕೆ ಬಂದರು. ಬೆರಳು ಅಲ್ಲೇ ನಿಂತಿತು. ಮತ್ತೊಮ್ಮೆ ಒತ್ತಿತು. ಸೊಸೆ ಕುರ್ಚಿಯಿಂದ ಅರ್ಧ ಎದ್ದಳು.

"ಟೈಪ್ ಮಾಡಿ" ಎಂದರು ದೊಡ್ಡ ಡಾಕ್ಟರು. ದನಿ ಒಂದಿಷ್ಟೂ ಬದಲಾಗಿರಲಿಲ್ಲ. "ಎಡಗಡೆ, ಕಾಲರ್ ಮೂಳೆ ಮೇಲೆ, ಗಂಟು. ಗಟ್ಟಿ. ನೋವಿಲ್ಲ. ಒತ್ತಿದ್ರೆ ಜರುಗಲ್ಲ."

ಹೌದಪ್ಪ ಚಕಚಕನೆ ಟೈಪ್ ಮಾಡಿದ. ಪರದೆಯ ಮೇಲೆ ಕೆಂಪು ಚೌಕವೊಂದು ಮೂಡಿತು. ತೂಕ ಇಳಿದಿದೆ, ಗಟ್ಟಿ ಗಂಟಿದೆ, ಕೂಡಲೇ ಕ್ಯಾನ್ಸರ್ ತಜ್ಞರಿಗೆ ತೋರಿಸಿ ಎಂದಿತ್ತು. ಬೆಳಗಿನಿಂದ, ಅಪಾಯ ಕಂಡರೆ ತಾನಾಗಿ ಎಚ್ಚರಿಸುವ ಆ ಕೆಂಪು ಚೌಕ ಬರಲೆಂದೇ ಕಾದಿದ್ದವನು ಅವನು. ಬೇರೆ ಯಾವ ಕಂಪನಿಯ ಸಾಫ್ಟ್‌ವೇರಿನಲ್ಲೂ ಅದಿರಲಿಲ್ಲ.

"ನೋಡಿ ಸಾರ್, ಹಿಡೀತು!" ಎಂದು ಅವನು ಹಿಗ್ಗಿ ಕೂಗಿದ. "ಡಾಕ್ಟ್ರು ಮರೆತ್ರೂ ಇದು ಮರೆಯಲ್ಲ ಸಾರ್!"

ನರ್ಸಮ್ಮ ಮತ್ತೆ ಗೋಡೆಯ ಕಡೆ ತಿರುಗಿದಳು. ರಿಸೆಪ್ಷನಿಸ್ಟ್ ಕೂಡ ನಗಲಿಲ್ಲ. ಆಗ ಅವನ ಕೈ ತಾನಾಗಿ ಕತ್ತಿಗೆ ಹೋಯಿತು. ಅದು ಅಲ್ಲಿತ್ತು, ಬಟಾಣಿ ಕಾಳಿನಷ್ಟು, ಕಲ್ಲಿನ ಹಾಗೆ.

"ಸಾರ್... ಇದು ಡೆಮೊಗೆ ಅಂತ ಹೇಳಿದ್ದು ಅಲ್ವಾ?"

ದೊಡ್ಡ ಡಾಕ್ಟರು ಸಿಂಕಿನ ಮುಂದೆ ಸೋಪು ಹಚ್ಚಿಕೊಳ್ಳುತ್ತಿದ್ದರು. "ನೀವು ಮಾರೋಕೆ ಬಂದ್ರೋ, ತೋರಿಸ್ಕೊಳ್ಳೋಕೆ ಬಂದ್ರೋ? ತೋರಿಸ್ಕೊಳ್ಳೋದಾದ್ರೆ ಹೊರಗೆ ಟೋಕನ್ ಕೊಡ್ತಾರೆ."

"ಮಾವ, ಅವರಿಗೆ..." ಎಂದಳು ಸೊಸೆ.

"ನಿನಗೆ ಸಾಫ್ಟ್‌ವೇರ್ ಬೇಕೋ ಬೇಡ್ವೋ? ಇದು ನನಗೆ ಹಿಡಿಸ್ತು. ಇದನ್ನೇ ತಗೊಳ್ಳೋಣ."

ಸೊಸೆ ಕೂತುಬಿಟ್ಟಳು. ಮಾವ ಹ್ಞೂಂ ಎಂದದ್ದು ವರ್ಷದಲ್ಲಿ ಇದೇ ಮೊದಲು. ಈಗ ಬಾಯಿ ಹಾಕಿದರೆ ಆ ಹ್ಞೂಂ ಗಾಳಿಗೆ ಹೋಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಕೆಟ್ಟವಳಲ್ಲ. ಆದರೆ ಆವತ್ತು ನಾಲಿಗೆ ಕಚ್ಚಿಕೊಂಡು ಕೂತವಳು ಅವಳೇ, ಅದನ್ನು ಮುಚ್ಚಿಡುವುದು ಬೇಡ.

ಹೌದಪ್ಪ ಶರ್ಟಿನ ಗುಂಡಿ ಹಾಕಿಕೊಂಡು ಆರ್ಡರ್ ಫಾರಂ ಚಾಚಿದ. ಕೇಳಬೇಕು, ಈಗಲೇ ಕೇಳಬೇಕು ಎಂದು ಜೀವ ಬಡಿದುಕೊಳ್ಳುತ್ತಿತ್ತು. ಮೊದಲು ಸಹಿಯಾಗಲಿ, ಆಮೇಲೆ ಕೇಳಿದರಾಯಿತು ಎಂದು ತಡೆದುಕೊಂಡ.

ದೊಡ್ಡ ಡಾಕ್ಟರು ಪೆನ್ನು ತೆರೆದು ನಿಲ್ಲಿಸಿದರು. "ಮೊದಲು ಆ ಡೆಮೊ ರೋಗಿನ ಅಳಿಸಿ. ನನ್ನ ಕ್ಲಿನಿಕ್ಕಿಗೆ ಕಸ ಸಮೇತ ಕೊಡಬೇಡಿ."

ಅವನು ತನ್ನ ಹೆಸರನ್ನು ಆರಿಸಿ ಅಳಿಸುವ ಗುಂಡಿ ಒತ್ತಿದ. ಈ ರೋಗಿಯನ್ನು ಶಾಶ್ವತವಾಗಿ ತೆಗೆದುಹಾಕಬೇಕೇ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದ. ಡಾಕ್ಟರು ಸಹಿ ಹಾಕಿದರು.

"ಸಾರ್, ಆ ಗಂಟು..."

"ಯಾವ ಗಂಟು? ರೆಕಾರ್ಡೇ ಇಲ್ವಲ್ಲ!"

ರಿಸೆಪ್ಷನಿಸ್ಟ್ ತಡೆಯಲಾರದೆ ಪಕ್ಕನೆ ನಕ್ಕಳು. ಹೌದಪ್ಪನೂ ನಕ್ಕ. ಇಷ್ಟು ವರ್ಷ ಡಾಕ್ಟರುಗಳ ಒಂದೊಂದು ಜೋಕಿಗೂ ನಕ್ಕವನು ಇದಕ್ಕೊಂದಕ್ಕೆ ನಗದಿರುವುದು ಹೇಗೆ ಎಂದು ಅವನಿಗೆ ತಿಳಿಯಲಿಲ್ಲ.

ಹೊರಗೆ ಬಿಸಿಲಲ್ಲಿ ಸ್ಕೂಟರಿನ ಪಕ್ಕ ನಿಂತು ಹೆಂಡತಿಗೆ ಫೋನ್ ಮಾಡಿದ.

"ಆಯ್ತಾ?" ಎಂದಳು ಅವಳು, ಹಲೋ ಕೂಡ ಅನ್ನದೆ.

"ಆಯ್ತು. ಸಹಿ ಆಯ್ತು."

ಅವಳು ಅತ್ತೇಬಿಟ್ಟಳು. ಕೆಳಗೆ ಹೋಗಿ ಅಣ್ಣನಿಗೆ ಈಗಲೇ ಹೇಳ್ತೀನಿ, ಅವನ ಮೊಳೆ ಅವನೇ ತೂಗ್ಕೊಳ್ಳಲಿ ಎಂದು ಅಳುವಿನ ನಡುವೆಯೇ ನಕ್ಕಳು. ಆಮೇಲೆ, "ಯಾಕ್ರೀ, ನಿಮ್ಮ ದನಿ ಒಂಥರಾ ಇದೆ?" ಎಂದಳು.

ಅವನ ಕೈ ಕಾಲರಿನ ಒಳಗೇ ಇತ್ತು. ಹೇಳಿಬಿಡೋಣ ಎಂದು ಬಾಯಿ ತೆರೆದ. ಅವಳು ಇಷ್ಟು ಖುಷಿಯಾಗಿ ಮಾತಾಡಿದ್ದು ಯಾವ ಕಾಲದಲ್ಲೋ.

"ಏನಿಲ್ಲ, ಬೆಳಗ್ಗಿಂದ ಮಾತಾಡಿ ಮಾತಾಡಿ ಗಂಟಲು ಕಟ್ಟಿದೆ."

"ಅಷ್ಟೇ ತಾನೆ? ಬನ್ನಿ, ನೀರು ಕಾಯಿಸಿಡ್ತೀನಿ. ಒಂಚೂರು ಉಪ್ಪು ಹಾಕ್ಕೊಂಡು ಬಾಯಿ ಮುಕ್ಕಳಿಸಿದ್ರೆ ನಾಳೆ ಹೊತ್ತಿಗೆ ಎಲ್ಲಾ ಸರಿಹೋಗುತ್ತೆ."

"ಹ್ಞೂಂ, ಬರ್ತೀನಿ" ಎಂದ ಅವನು.