ಮಂಗಳವಾರದ ಜ್ವರ

ಮಿಸ್ಸೂರಿ ನದಿಯ ದಡದ ನಮ್ಮ ಸ್ಟೇಷನ್ನಿನಲ್ಲಿ ನಾನು ಟಿಕೆಟ್ ಕೊಡುತ್ತಿದ್ದೆ. ಎಲಾಯ್ ಹ್ಯಾಸ್ಕಿನ್ ಗೂಡ್ಸ್ ಗಾಡಿಯ ಬ್ರೇಕ್ ಹಾಕುವವನು. ಎರಡು ಡಬ್ಬಿಗಳ ನಡುವೆ ಕೊಂಡಿ ಸಿಕ್ಕಿಸುವಾಗ ಬಲಗೈಯ ಮೂರು ಬೆರಳು ಹೋದವು. ಅಂಥವರಿಗೆ ರೈಲು ಕಂಪನಿ ಪರಿಹಾರ ಕೊಡಲೇಬೇಕೆಂದು ಆಗಿನ ಗವರ್ನರ್ ಕಾನೂನು ತಂದಿದ್ದರು. ಎಲಾಯ್ ಮನೆಯಲ್ಲಿ ಒಲೆ ಉರಿದದ್ದು ಅದರಿಂದಲೇ.

೧೯೦೮ರಲ್ಲಿ ಗವರ್ನರ್ ಎರಡನೇ ಸಲ ಚುನಾವಣೆಗೆ ನಿಂತರು. ಊರೂರಿಗೆ ರೈಲಿನಲ್ಲಿ ಬಂದು, ಕೊನೆಯ ಡಬ್ಬಿಯ ಹಿಂಬದಿಯ ಜಗಲಿಯಿಂದಲೇ ಭಾಷಣ ಮಾಡುತ್ತಿದ್ದರು. ಮಂಗಳವಾರ ನಮ್ಮೂರಿನ ಸರದಿ. ಅವರ ಪಕ್ಕದಲ್ಲಿ ನಿಂತು ತನ್ನ ಕಥೆ ಹೇಳುತ್ತೇನೆಂದು ಎಲಾಯ್ ಮಾತು ಕೊಟ್ಟಿದ್ದ.

ಹಿಂದಿನ ದಿನ ಕಂಪನಿಯ ಸೂಪರಿಂಟೆಂಡೆಂಟ್ ನನ್ನ ಕಿಟಕಿಯೆದುರೇ ಅವನನ್ನು ತಡೆದ.

"ಹ್ಯಾಸ್ಕಿನ್, ನಾಳೆ ನಿಂಗೆ ಹುಷಾರಿಲ್ಲ ಅಲ್ವಾ?"

"ಚೆನ್ನಾಗೇ ಇದ್ದೀನಿ ಸಾರ್."

"ಇಲ್ಲಪ್ಪಾ, ಜ್ವರ ಬಂದಿದೆ. ಬುಧವಾರ ವಾಸಿಯಾಗತ್ತೆ. ಅವತ್ತಿಂದ ರೈಲ್ವೆ ಗೇಟ್ ಕಾಯೋ ಕೆಲ್ಸ ನಿಂದೇ."

ಮರುದಿನ ಎಲಾಯ್ ಕಂಬಳಿ ಹೊದ್ದು ಮಲಗಿದ. ಅವನ ಹೆಂಡತಿ ಕೋರಾ ಬೈದಳಂತೆ: "ಹೆಂಗಸು ನಾನು, ನಂಗಂತೂ ವೋಟೂ ಇಲ್ಲ, ಬಾಯೂ ಇಲ್ಲ. ನಿಮಗೆರಡೂ ಇದ್ದು ಹೀಗೆ ಮುಸುಕು ಹಾಕ್ಕೊಂಡಿದೀರಲ್ರೀ!"

ಅವತ್ತು ಗಾಳಿಯೇ ಇರಲಿಲ್ಲ; ಸ್ಟೇಷನ್ನಿನಲ್ಲಿ ಗವರ್ನರ್ ಕರೆದದ್ದು ನನ್ನ ಕಿಟಕಿಗೂ ಕೇಳಿಸಿತು: "ಹ್ಯಾಸ್ಕಿನ್ ಎಲ್ಲಿದ್ದಾರೆ? ಬನ್ನಿ, ನೀವೇ ಹೇಳಿ."

ಯಾರೂ ಬರಲಿಲ್ಲ.

"ಬೆರಳೂ ಇಲ್ಲ, ಆಸಾಮೀನೂ ಇಲ್ಲ!" ಎಂದು ಯಾರೋ ಕೂಗಿದರು. ಜನ ಬಿದ್ದುಬಿದ್ದು ನಕ್ಕರು. ಗವರ್ನರ್ ಟೋಪಿ ಹಾಕಿಕೊಂಡು ಡಬ್ಬಿಯೊಳಗೆ ಹೋದರು. ನಿಜ ಗೊತ್ತಿದ್ದ ನಾನು ಕಿಟಕಿಯ ಹಿಂದೆ ಕೂತೇ ಇದ್ದೆ.

ನಮ್ಮ ಜಿಲ್ಲೆಯಲ್ಲಿ ಅವರು ಸೋತರು, ರಾಜ್ಯದಲ್ಲೂ ಸೋತರು. ಹೊಸಬರು ವರ್ಷದೊಳಗೆ ಆ ಕಾನೂನನ್ನು ಕಿತ್ತುಹಾಕಿದರು.

ಮುಂದಿನ ಚಳಿಗಾಲದಲ್ಲಿ ಒಟ್ಟೊ ಬ್ರಾಂಟ್ ಎಂಬ ಬ್ರೇಕ್‌ನವನ ಪಾದವೇ ಗಾಲಿಗೆ ಸಿಕ್ಕಿ ಹೋಯಿತು. ಕಂಪನಿ ಕೊಟ್ಟದ್ದು ತಾಯಿಯ ಊರಿಗೊಂದು ಟಿಕೆಟ್ ಮಾತ್ರ. ಅವನ ಪೆಟ್ಟಿಗೆಯನ್ನು ಎಲಾಯ್ ಹೊತ್ತು ತಂದ. ಏನೋ ಹೇಳಲು ಎರಡು ಸಲ ಬಾಯಿ ತೆರೆದ.

"ನಿಮ್ಮಷ್ಟು ಯಾರೂ ನೋಡ್ಕೊಳ್ಲಿಲ್ಲ ಅಣ್ಣಾ," ಎಂದ ಒಟ್ಟೊ. ಎಲಾಯ್ ಪೆಟ್ಟಿಗೆಯನ್ನು ಡಬ್ಬಿಯೊಳಗಿಟ್ಟು ಕೆಳಗಿಳಿದ. ಗಾಡಿ ಹೊರಟಿತು.

ಹನ್ನೊಂದು ವರ್ಷ ಅವನು ಗೇಟು ಕಾದ. ಕೊನೆಯ ಕಾಯಿಲೆಯಲ್ಲಿ ನೋಡಲು ಹೋದಾಗ ಕೇಳಿದ: "ಅವತ್ತು ನಾನು ಮಾತಾಡಿದ್ರೆ ಜನಕ್ಕೆ ಕೇಳಿಸ್ತಿತ್ತಾ?"

"ಆ ಗಾಳೀಲಿ ಏನೂ ಕೇಳಿಸ್ತಿರ್ಲಿಲ್ಲ ಕಣೋ," ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ನಂಬಲಿಲ್ಲ.